ಕೀಬೋರ್ಡಿನೊಳಗಿನ ಹಲಗೆ

ನನ್ನ ಗಂಡ ಭೀಮಶಂಕರ್ ಕೆಟ್ಟವನಲ್ಲ. ನಮ್ಮೂರು ಮಕ್ತಲ್‌ನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಗದ್ವಾಲದ ಆ ಮನೆಯವರೂ ಕೆಟ್ಟವರಲ್ಲ, ಊಟಕ್ಕೆ ಏಳಿ ಏಳಿ ಎಂದು ಬಂದು ಬಂದು ಕರೆದರು. ನಾನೂ ಕೆಟ್ಟವಳಲ್ಲವೆಂದೇ ಈತನಕ ತಿಳಿದಿದ್ದೆ. ಒಬ್ಬ ಕೆಟ್ಟವನೂ ಇಲ್ಲದ ಜಾಗದಲ್ಲಿ ಬಾಲರಾಜನಿಗೆ ಆದದ್ದು ಹೇಗೆ ಆಯಿತು?

ನಮ್ಮದು ಹಾಡಿನ ಮೇಳ. ನಾನು ಮೌನಿಕಾ, ಹಾಡುವವಳು. ಅವನು ಕೀಬೋರ್ಡ್. ಅದು ಬರೀ ಸ್ವರ ಹೊರಡಿಸುವ ಪೆಟ್ಟಿಗೆಯಲ್ಲ. ಎಡಗೈ ಬೆರಳಿನಿಂದ ಮೂರು ಮನೆ, ಅಂದರೆ ಆ ಕಪ್ಪು ಬಿಳುಪು ಪಟ್ಟಿಗಳನ್ನು, ಒತ್ತಿ ಹಿಡಿದರೆ ಸಾಕು, ಒಳಗಿನಿಂದ ಢೋಲಕ್, ಗಿಟಾರು, ಪಿಟೀಲು ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಅದು ಮನೆಗೆ ಬಂದ ಮೇಲೆ ಢೋಲಕ್ ಬಾರಿಸುತ್ತಿದ್ದ ಶೇಖರ್‌ಗೆ ಇನ್ನು ಬರುವುದು ಬೇಡವೆಂದೆವು. ಅವನು ಈಗ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಇಬ್ಬರೂ ಹಲ್ಲು ಕಿರಿದು ಮುಂದೆ ಹೋಗುತ್ತೇವೆ.

ಉಳಿದವನು ಬಾಲರಾಜ ಒಬ್ಬನೇ. ಹಲಗೆ ಬಾರಿಸುವವನು, ಕೆಲವರು ತಮಟೆ ಎನ್ನುತ್ತಾರಲ್ಲ, ಅದು. ಪೆಟ್ಟಿಗೆಯಲ್ಲಿ ಹಲಗೆಯೂ ಇತ್ತು, ಆದರೆ ಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ನಾವು ಕುರುಬರು, ಬೀರಪ್ಪನ ಹಾಡು, ಮೈಲಾರನ ಹಾಡು ಹಾಡಿ ಹೊಟ್ಟೆ ಹೊರೆಯುವವರು. ಡೊಳ್ಳು ನಮ್ಮದು. ಆದರೆ ಈಗಿನ ಜನಕ್ಕೆ ಹಲಗೆ ಬೇಕು. ಹಲಗೆ ಬಿದ್ದರೆ ಕೂತವರ ಕಾಲು ಕುಣಿಯುತ್ತವೆ. ಹಲಗೆ ಬೇಕೆಂದರೆ ಮಾದಿಗರ ಓಣಿಗೆ ಹೋಗಬೇಕು. ಹೋಗಿ ಅವನನ್ನು ಕರೆತಂದಿದ್ದೆವು.

ಹಲಗೆ ಬಾರಿಸುವುದು ಎಂಥ ದುಡಿಮೆ ಎಂದು ಕುರ್ಚಿಯಲ್ಲಿ ಕೂತು ಕೇಳುವವರಿಗೆ ತಿಳಿಯುವುದಿಲ್ಲ. ಹೆಗಲಿಗೆ ತೂಗುಹಾಕಿಕೊಂಡು, ಎದೆಗೆ ಒತ್ತಿ ಹಿಡಿದು, ನಿಂತೇ ಬಾರಿಸಬೇಕು. ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಬೇಕು. ಕಾವು ಹೆಚ್ಚಾದರೆ ಸೀಳುತ್ತದೆ, ಕಡಿಮೆಯಾದರೆ ದನಿ ಏಳುವುದಿಲ್ಲ. ಎಡಗೈಯ ಸಣ್ಣ ಕಡ್ಡಿ ಬೆರಳ ಸಂದಿಯನ್ನು ಕೊರೆಯುತ್ತಲೇ ಇರುತ್ತದೆ. ಬಾಲರಾಜನ ಹೆಬ್ಬೆರಳ ಪಕ್ಕದ ಚರ್ಮ ಸತ್ತು ಗೊರಸಿನ ಹಾಗೆ ಗಟ್ಟಿಯಾಗಿದೆ. ಪಟ್ಟಿ ಉಜ್ಜಿ ಉಜ್ಜಿ ಹೆಗಲ ಮೇಲೆ ಕಪ್ಪು ಗೆರೆ ಬಿದ್ದಿದೆ. ಮದುವೆ ಮೆರವಣಿಗೆಯಲ್ಲಿ ಹಿಮ್ಮುಖವಾಗಿ ನಡೆಯುತ್ತ ಬಾರಿಸುತ್ತಾನೆ, ಮದುಮಗನಿಗೆ ಬೆನ್ನು ಕಾಣಿಸಬಾರದಂತೆ.

ಇನ್ನೊಂದು ಮಾತು ಹೇಳಬೇಕು. ಪೆಟ್ಟಿಗೆಯ ತಾಳ ಯಾವ ವೇಗಕ್ಕೆ ಕಟ್ಟಿದರೆ ಅದೇ ವೇಗಕ್ಕೆ ನಿಲ್ಲುತ್ತದೆ. ಬಾಲರಾಜನ ಕೈ ಹಾಗಲ್ಲ. ಮೈಲಾರನ ಹೆಸರು ಬಂದ ಕೂಡಲೇ ಮುಂದಕ್ಕೆ ಎಳೆಯುತ್ತಿತ್ತು, ನನ್ನ ಉಸಿರು ಸೋತಾಗ ತುಸು ತಡೆದು ಕಾಯುತ್ತಿತ್ತು. ಅಂಥ ಹಾಡುಗಳಿಗೆ ಭೀಮಶಂಕರ್ ಪೆಟ್ಟಿಗೆಯ ತಾಳವನ್ನು ಬಂದ್ ಮಾಡಿ ಬರೀ ಸ್ವರ ಹಿಡಿದು ಅವನ ಹಿಂದೆ ಹೋಗುತ್ತಿದ್ದ. ಆ ಹೊತ್ತಿನಲ್ಲಿ ಮೇಳದ ಯಜಮಾನ ಬಾಲರಾಜನೇ. ಇದು ಭೀಮಶಂಕರ್‌ಗೆ ಒಳಗೊಳಗೇ ಚುಚ್ಚುತ್ತಿತ್ತೇನೋ, ನಾನು ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಭೀಮಶಂಕರ್ ಬಾಲರಾಜನ ಪೆಟ್ಟುಗಳನ್ನು ಪೆಟ್ಟಿಗೆಯೊಳಗೆ ತುಂಬುವ ಉಪಾಯ ತೆಗೆದ. ನಮ್ಮ ಕುರಿ ಹಟ್ಟಿಯನ್ನು ಖಾಲಿ ಮಾಡಿಸಿದ. ಸಪ್ಪಳ ಗೋಡೆಗೆ ಬಡಿದು ತಿರುಗಬಾರದೆಂದು ನಾನೇ ಮೊಳೆ ಹೊಡೆದು ಸುತ್ತಲೂ ಕಂಬಳಿ ಇಳಿಬಿಟ್ಟೆ. ನಾರ್ವ ಊರಿನ ನನ್ನ ತವರಿನಿಂದಲೂ ಕಂಬಳಿ ತರಿಸಿದೆ. ಬಾಗಿಲು ಮುಚ್ಚಿ, ಮೈಕು ಇಟ್ಟು, ಒಂದೊಂದೇ ಪೆಟ್ಟು ಹೊಡೆಸಿದ. ನಡುವಿಗೆ. ಅಂಚಿಗೆ. ಜೋರಾಗಿ. ಮೆಲ್ಲಗೆ. ಒಳಗೆ ಬೇಸಿಗೆಯ ಧಗೆ, ಉಣ್ಣೆಯ ಬಿಸಿ, ಹಿಕ್ಕೆಯ ವಾಸನೆ. ಬಾಲರಾಜನ ಬೆವರು ಚರ್ಮದ ಮೇಲೆ ತೊಟ್ಟಿಕ್ಕಿ ಹಲಗೆಯ ದನಿ ಇಳಿಯುತ್ತಿತ್ತು. ಹೊರಗೆ ಹೋಗಿ ಬೆಂಕಿಗೆ ಹಿಡಿದು ಮತ್ತೆ ಬರುತ್ತಿದ್ದ. ಬೆರಳ ಸಂದಿ ಒಡೆದು ರಕ್ತ ಬಂದಾಗ ಬಟ್ಟೆ ಸುತ್ತಿಕೊಂಡು ಮುಂದುವರಿಸಿದ.

ಇದು ಯಾಕೆ ಎಂದು ಒಂದು ಸಲ ಕೇಳಿದ. ಮೋಡ ಕವಿದ ದಿನ ನಿನ್ನ ಹಲಗೆ ಇಳಿದರೆ ಇದು ಹಿಂದಿನಿಂದ ಆಸರೆ ಕೊಡುತ್ತದೆ ಎಂದ ಭೀಮಶಂಕರ್. ಕೊನೆಗೆ ಒಂದು ಗುಂಡಿ ಒತ್ತಿದಾಗ ಬಾಲರಾಜನ ಹಲಗೆ ಸ್ಪೀಕರ್‌ನಿಂದ ಕೇಳಿತು. ಬಾಲರಾಜ ಕಣ್ಣರಳಿಸಿ ನಕ್ಕುಬಿಟ್ಟ. ತನಗೆ ಕಲಿಸಿದ ಅಪ್ಪನ ಕೈ ಕೂಡ ಇದರೊಳಗೆ ಕೇಳುತ್ತದೆ ಎಂದ.

ಅವನಿಗೆ ಚಹಾ ಕೊಟ್ಟವಳು ನಾನು. ನಮ್ಮತ್ತೆ ಪೆಂಟಮ್ಮನ ಕಾಲದಲ್ಲಿ ಮಾದಿಗರಿಗೆಂದೇ ಒಂದು ಗ್ಲಾಸು ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ನಾನು ಬಂದು ಅದನ್ನು ಎಸೆದೆ. ಕಾಗದದ ಲೋಟಗಳ ಕಟ್ಟು ತಂದಿಟ್ಟೆ. ಬಾಲರಾಜ ಬಂದ ದಿನ ಅವನಿಗೂ ಅದರಲ್ಲಿ, ನಮಗೂ ಅದರಲ್ಲಿ. ಅವನು ಬಾರದ ದಿನ ನಾವು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆವು. ನಾನು ಓದಿದವಳು, ಭೇದ ಮಾಡುವವಳಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಮೇಲೆ ಗದ್ವಾಲದ ಕಾರ್ಯಕ್ರಮ ಬಂತು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ವಿಜಯೀಂದ್ರ ಎಂಬವರ ಎಪ್ಪತ್ತರ ಶಾಂತಿ. ರಾಯಚೂರು, ಮಂತ್ರಾಲಯದ ಕಡೆಯೆಲ್ಲ ನೆಂಟರಿರುವ ಮಡಿವಂತ ಮನೆತನ. ಬೆಳಿಗ್ಗೆ ಹೋಮ, ಆಮೇಲೆ ಹಾಡು, ಆಮೇಲೆ ಊಟ. ಎಲ್ಲ ಓಡಾಟ ಅವರ ಮಗ ರಾಘುನದು. ದೇವರನಾಮದ ಜೊತೆಗೆ ನಾಲ್ಕು ಜನಪದ ಹಾಡೂ ಇರಲಿ, ಹಲಗೆಯಂತೂ ಬೇಕೇ ಬೇಕು, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಅವನೇ ಫೋನಿನಲ್ಲಿ ಹೇಳಿದ್ದ.

ಬಾಲರಾಜ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಕಾರ್ಯಕ್ರಮವಿದ್ದ ಫಂಕ್ಷನ್ ಹಾಲ್‌ನ ಹಿಂದಿನ ಬಯಲಲ್ಲಿ ಹುಲ್ಲು ಸುಟ್ಟು ಹಲಗೆ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಎದೆಗೆ ಒತ್ತಿಕೊಂಡು ನಮ್ಮ ಜೊತೆ ಬಾಗಿಲಿಗೆ ಬಂದ. ಅಲ್ಲಿ ರಾಘು ತಡೆದ. ಗದರಿಸಲಿಲ್ಲ. ನಗುನಗುತ್ತಲೇ ಕೈ ಅಡ್ಡ ಹಿಡಿದ.

“ತಪ್ಪು ತಿಳ್ಕೋಬ್ಯಾಡ್ರಿ. ಹೋಮ ಆಗ್ಯದ, ರಾಯರ ಪಟ ಸ್ಟೇಜಿನ ಮ್ಯಾಲೇ ಅದ. ಚರ್ಮದ್ದು ಒಳಗ ಬ್ಯಾಡ.”

ಸ್ಟೇಜಿನ ಮೇಲೆ ಆಗಲೇ ರಾಘುನ ಚಿಕ್ಕಪ್ಪನ ಮಗ ಸುಜಯೀಂದ್ರ ತಬಲಾ ಇಟ್ಟುಕೊಂಡು ಕೂತಿದ್ದ. ದೇವರನಾಮಗಳಿಗೆ ಅವನದೇ ತಬಲಾ. ಬಾಲರಾಜ ಅತ್ತ ನೋಡಿದ.

“ಆ ತಬಲಾಕ್ಕ ಹಚ್ಚಿದ್ದೇನ್ರಿ, ಬಾಳಿ ಎಲಿ ಏನು?”

“ಅದು ಬ್ಯಾರೆ,” ಎಂದ ರಾಘು.

ಹೇಗೆ ಬೇರೆ ಎಂದು ಅವನು ಹೇಳಲಿಲ್ಲ. ನಾವು ಕೇಳಲೂ ಇಲ್ಲ. ನಿಂತಿದ್ದವರಿಗೆಲ್ಲ ಗೊತ್ತಿತ್ತು, ಅದು ಹಲಗೆಯ ಚರ್ಮದ ಮಾತಲ್ಲ, ಹಲಗೆ ಹಿಡಿದವನ ಚರ್ಮದ ಮಾತು. ರಾಘು ಒಳಗಿನಿಂದ ಒಂದು ವಸ್ತು ತರಿಸಿದ. ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಮಾಡಿಸಿದ ಪ್ಲಾಸ್ಟಿಕ್ ಹಲಗೆ. ಬಿಳಿ ಹಾಳೆ ಬಿಗಿದು ಸುತ್ತ ಹೂವು ಬರೆದಿದ್ದರು. ಹೊಡೆದರೆ ಕ್ಯಾರಿಬ್ಯಾಗಿನ ಸಪ್ಪಳ. ಅದನ್ನು ಮೊದಲೇ ತಂದಿಟ್ಟಿದ್ದರು ಎಂದರೆ ಇದೆಲ್ಲ ಮೊದಲೇ ಮಾತಾಗಿತ್ತು.

“ಇದನ್ನ ಹಿಡ್ಕೊಂಡು ಕೈ ಆಡಿಸಿದ್ರ ಸಾಕು. ನಿಮ್ಮ ಸಪ್ಪಳ ಕೀಬೋರ್ಡ್‌ನ್ಯಾಗ ಅದ ಅಂತ ಭೀಮಶಂಕರ್ ಹೇಳ್ಯಾರಲ್ಲ.”

ಬಾಲರಾಜ ತಿರುಗಿ ಭೀಮಶಂಕರ್‌ನ ಮುಖ ನೋಡಿದ. ಭೀಮಶಂಕರ್ ವೈರು ಬಿಡಿಸುತ್ತ ಕೂತ. ಗಂಟೇ ಬೀಳದ ವೈರು ಅದು. ಆಮೇಲೆ ಎದ್ದು ಬಾಲರಾಜನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದ. ಈ ಮನೆಯವರ ಮಾತು ಗದ್ವಾಲದಲ್ಲಿ ನಡೆಯುತ್ತದೆ, ಈಗ ತಿರುಗಿ ಹೋದರೆ ಇಲ್ಲಿಂದ ಮಲ್ದಕಲ್‌ವರೆಗೆ ಯಾವ ಹಾಲ್‌ನವರೂ ಕರೆಯುವುದಿಲ್ಲ, ಇದೊಂದು ಸಲ ನನ್ನ ಮುಖ ನೋಡು ಎಂದು ಗೋಗರೆದ. ಬಾಲರಾಜ ನನ್ನ ಕಡೆ ನೋಡಿದ.

“ಏನ್ ಮಾಡ್ಲಿ, ಅಕ್ಕಾ?”

“ಟೈಮಾಗೈತಿ, ನಡಿಯಪ್ಪ,” ಎಂದೆ.

ನಾನು ಆಡಿದ್ದು ಅಷ್ಟೇ ಮಾತು. ಅವನು ಕೇಳಿದ್ದು ನನ್ನನ್ನು. ಬೇಡ ಎಂದಿದ್ದರೆ ಹೋಗುತ್ತಿರಲಿಲ್ಲ. ಅವನು ತನ್ನ ಹಲಗೆಯನ್ನು ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಒರಗಿಸಿದ. ಹೆಗಲ ಮೇಲಿನ ಟವೆಲ್ ತೆಗೆದು ಅದಕ್ಕೆ ಹೊದಿಸಿದ. ಪ್ಲಾಸ್ಟಿಕ್ಕಿನದನ್ನು ಕೈಗೆತ್ತಿಕೊಂಡು ಒಳಗೆ ಬಂದ.

ದೇವರನಾಮಗಳು ಮುಗಿದವು. ಸುಜಯೀಂದ್ರ ತಬಲಾ ಪಕ್ಕಕ್ಕಿಟ್ಟು ಅಲ್ಲೇ ಕೂತ. ನಮ್ಮ ಸರದಿ ಬಂತು. ಭೀಮಶಂಕರ್ ಗುಂಡಿ ಒತ್ತಿದ. ಹಲಗೆ ಹಾಲ್ ತುಂಬ ಮೊಳಗಿತು. ಬಾಲರಾಜ ಸ್ಟೇಜಿನ ತುದಿಯಲ್ಲಿ ನಿಂತು ಕೈ ಆಡಿಸಿದ. ಮೊದಲ ಹಾಡು ಹೇಗೋ ಸಾಗಿತು. ಎರಡನೆಯದು ಮೈಲಾರನದು. ನಾನು ಮೈಲಾರನ ಹೆಸರು ಎತ್ತಿದೆ. ಬಾಲರಾಜನ ಕೈ ಎಂದಿನಂತೆ ಮುಂದಕ್ಕೆ ಎಳೆಯಿತು. ಪೆಟ್ಟಿಗೆ ಎಳೆಯಲಿಲ್ಲ. ಅದಕ್ಕೆ ಮೈಲಾರನಾದರೇನು, ಮಾರಮ್ಮನಾದರೇನು. ಅವನ ಕೈ ಒಂದು ಕಡೆ, ಅವನ ಸಪ್ಪಳ ಇನ್ನೊಂದು ಕಡೆ ಆಯಿತು. ಅವನು ಕೈ ತಡೆದ. ಈಗ ಹಿಂದೆ ಬಿದ್ದ. ಮತ್ತೆ ಹಿಡಿಯಲು ಹೋದ, ಮತ್ತೆ ತಪ್ಪಿತು. ತಾನೇ ಹಟ್ಟಿಯೊಳಗೆ ಬೆವರಿ ಹೊಡೆದ ಪೆಟ್ಟುಗಳನ್ನು ಅವನು ಬೆನ್ನಟ್ಟಿ ಓಡುತ್ತಿದ್ದ.

ರಾಘು ಕೆಳಗಿನಿಂದ ಕೈಸನ್ನೆ ಮಾಡಿದ, ಅದಕ್ಕೆ ಸರಿಯಾಗಿ ಹೊಡಿ ಎಂದು. ವಿಡಿಯೋದವನು ಹತ್ತಿರ ಬಂದ. ಸುಜಯೀಂದ್ರ ಪಕ್ಕದವನ ಕಿವಿಯಲ್ಲಿ, ಇವನಿಗೆ ತಾಳಜ್ಞಾನವೇ ಇಲ್ಲ ಎಂದು ನಕ್ಕ. ತಬಲಾಕ್ಕೆ ಇಟ್ಟ ಮೈಕು ಅವನ ಎದುರಿಗೇ ಇದ್ದುದರಿಂದ ಅದು ಸ್ಪೀಕರ್‌ನಲ್ಲಿ ಬಂದು ನನಗೆ ಕೇಳಿತು. ಬಾಲರಾಜನಿಗೂ ಕೇಳಿತು.

ಬಾಲರಾಜ ಕೈ ಇಳಿಸಿದ.

ಎರಡೂ ಕೈ ತೊಡೆಯ ಪಕ್ಕ ಬಿಟ್ಟು ಜನಕ್ಕೆ ಎದುರಾಗಿ ನೆಟ್ಟಗೆ ನಿಂತುಬಿಟ್ಟ. ಹಲಗೆ ಮೊಳಗುತ್ತಲೇ ಇತ್ತು. ಮುಂದೆ ಕೂತ ಮಕ್ಕಳು ಮೊದಲು ನಕ್ಕರು. ಆಮೇಲೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾರಿಸುವವನು ನಿಂತಿದ್ದಾನೆ, ಬಾರಿಸುತ್ತಿರುವವರು ಯಾರು? ಭೀಮಶಂಕರ್ ಗಾಬರಿಯಾಗಿ ಎರಡೂ ಕೈ ಮೇಲಕ್ಕೆತ್ತಿದ. ನಾನು ಏನೂ ಮಾಡುತ್ತಿಲ್ಲ ನೋಡಿ ಎನ್ನುವ ಹಾಗೆ. ಈ ಪೆಟ್ಟಿಗೆಯ ಗುಣವೇ ಅದು. ಕೈ ತೆಗೆದರೆ ತಾಳ ನಿಲ್ಲುವುದಿಲ್ಲ. ನಿಲ್ಲಿಸಬೇಕೆಂದರೆ ಬೆರಳು ಚಾಚಿ ಗುಂಡಿ ಒತ್ತಬೇಕು. ಅವನು ಒತ್ತಲಿಲ್ಲ.

ಬಾಲರಾಜ ಕೀಬೋರ್ಡಿನ ಹತ್ತಿರ ಬಂದ.

“ಬಂದ್ ಮಾಡು, ಅಣ್ಣಾ.”

“ಹಾಡು ಮುಗೀಲಿ, ಬಾಲು.”

ಇನ್ನೊಂದು ಚರಣ ಉಳಿದಿತ್ತು. ನಾನು ಹಾಡುತ್ತಲೇ ಇದ್ದೆ. ಬಾಲರಾಜ ಪ್ಲಾಸ್ಟಿಕ್ ಹಲಗೆಯನ್ನು ಕೀಬೋರ್ಡಿನ ಮೇಲೆಯೇ ಇಟ್ಟು, ಮೆಟ್ಟಿಲಿಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು, ದೊಡ್ಡ ಬಾಗಿಲಿನಿಂದ ಹೊರಗೆ ಹೋದ. ಅವನಿಗೆ ತಾಗದಂತೆ ಕೆಲವರು ಕಾಲು ಒಳಗೆಳೆದುಕೊಂಡರು. ನಾನು ಸ್ಟೇಜಿನ ಮೇಲಿನಿಂದ ಅದನ್ನೆಲ್ಲ ನೋಡಿದೆ. ನೋಡುತ್ತ ಚರಣ ಮುಗಿಸಿದೆ.

ಚಪ್ಪಾಳೆ ಬಿತ್ತು. ಹಲಗೆ ಬಹಳ ಸೊಗಸಾಗಿತ್ತು ಎಂದು ವಿಜಯೀಂದ್ರ ಅವರೇ ಎದ್ದು ಬಂದು ಹೇಳಿದರು. ನನಗೆ, ಭೀಮಶಂಕರ್‌ಗೆ ಶಾಲು ಹೊದಿಸಿದರು. ಇನ್ನೊಂದು ಶಾಲನ್ನು ಭೀಮಶಂಕರ್‌ನ ಕೈಗಿಟ್ಟು, ಅವನಿಗೆ ತಲುಪಿಸಿಬಿಡಿ ಎಂದರು. ಊಟಕ್ಕೆ ಕರೆದರು. ಹೋದೆವು. ಹೋಳಿಗೆಗೆ ತುಪ್ಪ ಬಡಿಸಿದರು. ನಾನು ತಿಂದೆ. ತಿನ್ನದೆ ಎದ್ದು ಬಂದೆನೆಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ತಿಂದೆ, ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಬಾಲರಾಜನ ಮನೆಗೆ ಹೋದೆವು. ಭೀಮಶಂಕರ್ ಕೀಬೋರ್ಡನ್ನು ಹೆಗಲಿಗೇರಿಸಿಕೊಂಡು ಬಂದಿದ್ದ. ಮುಂಚೆ ಯಾವತ್ತೂ ಆ ಓಣಿಯೊಳಗೆ ಅದನ್ನು ಒಯ್ದಿರಲಿಲ್ಲ, ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಿದ್ದೆವು. ಬಾಲರಾಜನ ಹೆಂಡತಿ ಹಣಮಮ್ಮ ಬಾಗಿಲಲ್ಲೇ ಇದ್ದಳು. ಚಾಪೆ ಹಾಸಿದಳು, ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟಳು. ನಾನು ಕುಡಿದೆ. ಭೀಮಶಂಕರ್, ಈಗ ತಾನೇ ಕುಡಿದು ಬಂದೆ ಎಂದ. ಹಣಮಮ್ಮ ಅವನ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಶಾಲು ಕೊಟ್ಟೆವು. ಬಾಲರಾಜ ಮುಟ್ಟಲಿಲ್ಲ. ಭೀಮಶಂಕರ್ ಕೀಬೋರ್ಡ್ ಬಿಚ್ಚಿ, ಕರೆಂಟಿಗೆ ಹಾಕಿ, ನೋಡು ನಿನ್ನೆದುರಿಗೇ ಅಳಿಸಿಬಿಡುತ್ತೇನೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ, ನಾನು ಬಲ್ಲೆ. ಬಾಲರಾಜ ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದ.

“ಅಳಸಬ್ಯಾಡ. ಅಳಸಿದ್ರ ನೀ ಹಗುರಾಗಿ ಮನಿಗೆ ಹೋಗ್ತಿ. ನಾ ಏನಾಗ್ತೀನಿ?”

ಅವನೇ ಮತ್ತೆ ಹೇಳಿದ. “ಇರ್ಲಿ ಅದು. ನಾ ಇನ್ನ ನಿಮ್ಮ ಕೂಡ ಬರಾಂಗಿಲ್ಲ. ಆದ್ರ ಅದನ್ನ ಎಲ್ಲಿ ಬಾರಸ್ತಿ ಅಲ್ಲಿ ನನ್ನ ಹೆಸರು ಹೇಳು. ಯಾ ಓಣಿಯಂವ ಅಂತ ಹೇಳು. ಗದ್ವಾಲದಾಗ ಇವನ್ನ ಒಳಗ ಬಾರಸಾಕ ಬಿಡಲಿಲ್ಲ ಅಂತನೂ ಮೈಕಿನಾಗ ಹೇಳು. ಅಷ್ಟು ಮಾಡು.”

ಭೀಮಶಂಕರ್ ಸೊಂಟದ ಚೀಲದಿಂದ ಭಂಡಾರ ತೆಗೆದ. ಮೈಲಾರನ ಅರಿಸಿನ ಅದು. ನಮ್ಮ ಕುಲದವರು ಭಂಡಾರ ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಮನೆ ಹಾಳಾಗುತ್ತದೆಂದು ನಂಬುತ್ತಾರೆ. ಅದನ್ನು ಬಾಲರಾಜನ ಅಂಗೈಗೆ ಹಾಕಿ, ಅದರ ಮೇಲೆ ತನ್ನ ಕೈಯಿಟ್ಟು, ಹೇಳುತ್ತೇನೆ ಎಂದ. ನಾನು ಸಾಕ್ಷಿ. ಬಾಲರಾಜ ಭಂಡಾರವನ್ನು ಹಣೆಗೆ ಹಚ್ಚಿಕೊಂಡ. ಅವನು ನಂಬಿದ. ಅದನ್ನು ನೆನೆದಾಗ ನನ್ನ ಗಂಡನ ಮೇಲೂ ನನ್ನ ಮೇಲೂ ಉರಿದುಹೋಗುವಷ್ಟು ಸಿಟ್ಟು ಬರುತ್ತದೆ.

ಆಮೇಲೆ ಬಂದದ್ದು ನಾರಾಯಣಪೇಟೆಯ ಕಾರ್ಯಕ್ರಮ. ಸೀರೆ ವ್ಯಾಪಾರದ ಸಾಯಿಪ್ರಸಾದ್ ಅವರ ಹೊಸ ಮನೆಯ ಪ್ರವೇಶ. ಮನೆ ಮುಂದೆ ಶಾಮಿಯಾನ, ಬೆಳಗಿನ ಬಿಸಿಲು, ಉಟ್ಟ ಹೊಸ ಸೀರೆಗಳು. ಹಲಗೆಯವನು ಬರಲಿಲ್ಲವೇ ಎಂದು ಸಾಯಿಪ್ರಸಾದ್ ಕೇಳಿದರು. ಹಲಗೆ ಇದರಲ್ಲೇ ಇದೆ ಎಂದ ಭೀಮಶಂಕರ್. ಒಳ್ಳೆಯದಾಯಿತು, ಜಾಗವೂ ಕಡಿಮೆ ಎಂದು ಅವರು ಹೋದರು.

ಶುರುವಿಗೆ ಮುಂಚೆ ನಾನು ನೆನಪಿಸಿದೆ. ಮೊದಲ ಹಾಡು ಆಗಲಿ, ಜನ ಸೇರಲಿ ಎಂದ. ಮೊದಲ ಹಾಡಾಯಿತು. ಈಗಲೇ ಹೇಳಿದರೆ ಶುಭಕಾರ್ಯದಲ್ಲಿ ಅಪಶಕುನ ಆಡಿದಂತಾಗುತ್ತದೆ, ಊಟಕ್ಕೆ ಎದ್ದೇಳುವ ಹೊತ್ತಿಗೆ ಹೇಳೋಣ ಎಂದ. ಎರಡಾಯಿತು, ಮೂರಾಯಿತು. ಪ್ರತಿ ಸಲವೂ ಬಾಲರಾಜನ ಹಲಗೆ ಏಳುತ್ತಿತ್ತು. ಹೆಂಗಸರು ಎದ್ದು ಕುಣಿದರು. ಕೊನೆಯ ಹಾಡಿಗೆ ಮುಂಚೆ ಅವನು ನನ್ನತ್ತ ಬಾಗಿ ಹೇಳಿದ.

“ಹೆಸರು ಹೇಳ್ತೀನಿ ಅಂದೀನಿ. ಇವತ್ತಽ ಹೇಳ್ತೀನಿ ಅಂದಿಲ್ಲ. ಮೈಲಾರಗ ತಿಳಿತೈತಿ.”

ಅವನು ಯಾವತ್ತೂ ಹೇಳುವುದಿಲ್ಲ ಎಂದು ಆಗ ಗೊತ್ತಾಯಿತು. ನಾಳೆ ಇನ್ನೊಂದು ಊರು, ಇನ್ನೊಂದು ಶುಭಕಾರ್ಯ. ಮೈಕನ್ನು ಬಾಯಿಗೆ ಹತ್ತಿರ ತಂದೆ.

“ನೀವು ಇಷ್ಟೊತ್ತು ಕೇಳಿದ ಹಲಗಿ ಈ ಪೆಟ್ಟಿಗಿದಲ್ಲ. ಮಕ್ತಲ್ ಮಾದಿಗರ ಓಣಿ ಬಾಲರಾಜನ ಕೈದು.”

ಸಾಯಿಪ್ರಸಾದ್ ಅವರ ಹೆಂಡತಿ ಕುಂಕುಮದ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಮುಂದಿನ ಸಾಲಿನ ಮುದುಕರೊಬ್ಬರು ಹಣೆ ಗಂಟಿಕ್ಕಿದರು. ಹಾಡು, ಹಾಡು ಎಂದು ಸಾಯಿಪ್ರಸಾದ್ ಕೈಬೀಸಿದರು. ಗದ್ವಾಲದಲ್ಲಿ ಎಂದು ನಾನು ಬಾಯಿ ತೆರೆದೆ.

ಭೀಮಶಂಕರ್ ಗುಂಡಿ ಒತ್ತಿದ. ಸಪ್ಪಳವನ್ನು ತುದಿಯವರೆಗೆ ತಿರುಗಿಸಿದ್ದ. ಹಲಗೆ ಸಿಡಿದೆದ್ದಿತು. ಬೆರಳು ಒಡೆದು ರಕ್ತ ಬರುವವರೆಗೆ ಬಾಲರಾಜ ಹೊಡೆದುಕೊಟ್ಟ ಪೆಟ್ಟುಗಳು. ಅವುಗಳ ಕೆಳಗೆ ನನ್ನ ಮಾತು ನನಗೇ ಕೇಳಲಿಲ್ಲ. ಒಳಗೆ ಬಿಡಲಿಲ್ಲ ಎಂದು ಕೂಗಿದೆ, ಚಪ್ಪಲಿ ಹತ್ತಿರ ಇಡಿಸಿದರು ಎಂದು ಕೂಗಿದೆ. ನಾನು ಹುರುಪಿನಲ್ಲಿ ಕೇಕೆ ಹಾಕುತ್ತಿದ್ದೇನೆಂದು ಜನ ಚಪ್ಪಾಳೆ ತಟ್ಟತೊಡಗಿದರು. ಕುಂಕುಮದ ತಟ್ಟೆ ಮುಂದಕ್ಕೆ ಹೋಯಿತು. ಭೀಮಶಂಕರ್ ತಲೆ ತಗ್ಗಿಸಿ ಕೀಬೋರ್ಡಿನ ಮನೆಗಳನ್ನೇ ನೋಡುತ್ತ ಬಾರಿಸುತ್ತಿದ್ದ, ಅವನ ಕೆನ್ನೆ ಒದ್ದೆಯಾಗಿತ್ತು. ಹಾಡಿಗೆ ಮುಂಚಿನ ಬರೀ ವಾದ್ಯದ ಸುತ್ತುಗಳು ಮುಗಿದವು. ಪಲ್ಲವಿ ಎತ್ತುವ ಜಾಗ ಬಂತು. ನಾನು ಹಾಡಿದೆ.